ಗೊಬ್ಬರ ಮಾಡುವ ಪುರಸಭೆಯೇ ಹೊರಗಿನಿಂದ ಗೊಬ್ಬರ ಕೊಳ್ಳಬೇಕೇ?

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಒಂದು ಪುರಸಭೆಯ ಸದಸ್ಯೆ. ಊರು, ಹೆಸರು ಹಾಕಬೇಡಿ. ಜನಸಂಖ್ಯೆ 40 ಸಾವಿರದ ಆಸುಪಾಸು. ನಮ್ಮ ಕಸ ವಿಲೇವಾರಿ ಘಟಕದಲ್ಲಿ ಪುರಸಭೆಯವರೇ ಹಸಿಕಸದಿಂದ ಗೊಬ್ಬರ ಮಾಡಿಸುತ್ತಿದ್ದಾರೆ. ಮಾಡಿದ್ದೆಲ್ಲ ಅಲ್ಲೇ ಗುಡ್ಡೆ ಬಿದ್ದಿದೆ. ಆದರೆ ಕಳೆದ ವರ್ಷ ಪಾರ್ಕ್ ಕೆಲಸಕ್ಕೆ ಗುತ್ತಿಗೆದಾರರು ಹೊರಗಿನಿಂದ ಗೊಬ್ಬರ, ಕೆಮ್ಮಣ್ಣು ತರಿಸಿ ಬಿಲ್ ಮಾಡಿಕೊಂಡರು. ಕೇಳಿದರೆ, "ಕೆಟಿಪಿಪಿ ಕಾಯ್ದೆ ಇದೆ ಮೇಡಂ, ಕಡಿಮೆ ರೇಟು ಹಾಕಿದವರಿಗೇ ಕೊಡಬೇಕು, ನಮ್ಮ ಗೊಬ್ಬರ ನಾವೇ ತಗೊಳ್ಳೋಕಾಗಲ್ಲ" ಎನ್ನುತ್ತಾರೆ. ರೈತರಿಗೆ ಕೊಡೋಣ ಅಂದರೆ "ಊರ ಕಸದ ಗೊಬ್ಬರದಲ್ಲಿ ಗಾಜು, ಸೂಜಿ, ವಿಷ ಇರುತ್ತೆ" ಅಂತ ಅವರು ಮುಟ್ಟುವುದಿಲ್ಲ. ಈಗ ಕಸ ಸಂಗ್ರಹಕ್ಕೆ ಹೊಸ ಟೆಂಡರ್ ಕರೆಯುತ್ತಿದ್ದಾರೆ, ಟನ್ನಿಗೆ ಇಷ್ಟು ಅಂತ. ನನಗೇನೋ ಇದು ಸರಿ ಕಾಣುತ್ತಿಲ್ಲ. ಸದಸ್ಯೆಯಾಗಿ ನಾನು ಏನು ಕೇಳಬಹುದು?

ಉತ್ತರ:

ಬಿದ್ದಿರುವ ಗೊಬ್ಬರ, ಕಾಯ್ದೆಯ ನೆಪ, ಬರಲಿರುವ ಟೆಂಡರ್. ನೀವು ಮೂರು ವಿಷಯ ಬರೆದಿದ್ದೀರಿ, ಆದರೆ ಮೂರರ ಬೇರೂ ಒಂದೇ. ಕಸ ಸಾಗಿಸುವ ಫೈಲು ಆರೋಗ್ಯ ಶಾಖೆಯಲ್ಲಿ ಓಡಾಡುತ್ತದೆ. ಗೊಬ್ಬರ, ಮಣ್ಣು, ಇಟ್ಟಿಗೆ, ಬೆಂಚು ಕೊಳ್ಳುವ ಫೈಲು ಎಂಜಿನಿಯರಿಂಗ್ ಶಾಖೆಯಲ್ಲಿ. ಎರಡೂ ಒಂದೇ ಮೇಜಿಗೆ ಬರುವುದು ಮುಖ್ಯಾಧಿಕಾರಿಗಳ ಸಹಿಗೆ ಮಾತ್ರ. ಆಗ ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ಓದುವುದಿಲ್ಲ.

ಸಣ್ಣ ಊರುಗಳ ಕಸದ ಯೋಜನೆ, ಟೆಂಡರ್ ಕಾಗದ ತಯಾರಿಸುವುದು ನನ್ನ ವೃತ್ತಿ. ಯಂತ್ರ ಕೊಳ್ಳುವಾಗ ಎಲ್ಲರಿಗೂ ಉತ್ಸಾಹ ಇರುತ್ತದೆ. ಯಂತ್ರದಿಂದ ಹೊರಗೆ ಬಂದ ಮಾಲನ್ನು ಯಾರು ಕೊಳ್ಳುತ್ತಾರೆ ಅಂದರೆ ಸಭೆ ತಣ್ಣಗಾಗುತ್ತದೆ. ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿಯ ಕೊನೆಯಲ್ಲಿ "ಗೊಬ್ಬರ ಮಾರಾಟದಿಂದ ಆದಾಯ" ಅಂತ ಒಂದು ಸಾಲು ಬರೆದಿರುತ್ತಾರೆ. ಯಾರಿಗೆ ಮಾರಾಟ ಅಂತ ಎಲ್ಲೂ ಇರುವುದಿಲ್ಲ. ನಾನು ನೋಡಿದ ಬಹುಪಾಲು ಘಟಕಗಳು ನಿಂತುಹೋಗಿದ್ದು ಯಂತ್ರ ಕೆಟ್ಟು ಅಲ್ಲ, ಮಾಲು ಖಾಲಿಯಾಗದೆ ಜಾಗ ತುಂಬಿ.

ಮೊದಲು ಕಾಯ್ದೆ ವಿಷಯ. ಕೆಟಿಪಿಪಿ, ಅಂದರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರದ್ದು. ಹೊರಗಿನವರಿಂದ ಕೊಳ್ಳುವಾಗ ಗುಟ್ಟಾಗಿ ಕೊಳ್ಳಬೇಡಿ, ಎಲ್ಲರಿಗೂ ಅವಕಾಶ ಕೊಡಿ ಅನ್ನುವುದು ಅದರ ಉದ್ದೇಶ. ನಿಮ್ಮದೇ ಘಟಕದಲ್ಲಿ, ನಿಮ್ಮದೇ ಖರ್ಚಿನಲ್ಲಿ ಮಾಡಿದ ಗೊಬ್ಬರವನ್ನು ನಿಮ್ಮದೇ ಪಾರ್ಕಿಗೆ ಹಾಕುವುದು ಖರೀದಿಯೇ ಅಲ್ಲ. ಅದಕ್ಕೆ ಟೆಂಡರ್ ಯಾಕೆ ಬೇಕು? ಒಂದು ಇಂಡೆಂಟ್, ಒಂದು ಸ್ಟಾಕ್ ರಿಜಿಸ್ಟರ್, ಎರಡು ಸಹಿ ಸಾಕು.

ಹಾಗಾದರೆ ಗುತ್ತಿಗೆದಾರರು ಹೊರಗಿನಿಂದ ತಂದಿದ್ದು ಹೇಗೆ? ಎಸ್ಟಿಮೇಟ್ ತರಿಸಿ ನೋಡಿ. ಅದರಲ್ಲಿ ಎಸ್ಆರ್ ಪುಸ್ತಕದಿಂದ (ಸರ್ಕಾರಿ ಕಾಮಗಾರಿಗಳ ದರಪಟ್ಟಿ) ಎತ್ತಿದ ಐಟಂ ಇರುತ್ತದೆ: ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಸಾಗಣೆ, ಹರಡುವುದು, ಎಲ್ಲ ಸೇರಿ ಘನಮೀಟರಿಗೆ ಇಷ್ಟು. ಎಸ್ಟಿಮೇಟ್ ಬರೆದ ಕಿರಿಯ ಎಂಜಿನಿಯರ್‌ಗೆ ಇಂಥ ಗುಡ್ಡೆ ಒಂದಿದೆ ಅಂತ ನೆನಪೇ ಇರಲಿಕ್ಕಿಲ್ಲ. ಇದ್ದರೂ ಹಳೆ ಎಸ್ಟಿಮೇಟ್ ಕಾಪಿ ಹೊಡೆಯುವುದು ಸುಲಭ. ಟೆಂಡರ್ ಆದಮೇಲೆ ಆ ಐಟಂ ಪೂರೈಸುವುದು ಗುತ್ತಿಗೆದಾರರ ಹಕ್ಕು, ಆಗ ನೀವು ಕೂಗಾಡಿ ಪ್ರಯೋಜನ ಇಲ್ಲ. ಎಸ್ಟಿಮೇಟ್ ಹಂತದಲ್ಲೇ "ಗೊಬ್ಬರ ಪುರಸಭೆಯಿಂದ ಪೂರೈಕೆ, ಗುತ್ತಿಗೆದಾರರು ಸಾಗಿಸಿ ಹರಡುವುದು ಮಾತ್ರ" ಅಂತ ಬರೆಸಬೇಕು. ಹಿಂದೆ ಎಷ್ಟೋ ಕಾಮಗಾರಿಗಳಿಗೆ ಸಿಮೆಂಟು, ಕಬ್ಬಿಣ ಇಲಾಖೆಯಿಂದಲೇ ಕೊಡುತ್ತಿದ್ದರು. ಅದೇ ಪದ್ಧತಿ, ಹೊಸದೇನಲ್ಲ.

ಘಟಕವನ್ನು ಮುಂದೆ ಗುತ್ತಿಗೆಗೆ ಕೊಟ್ಟರೆ ಮಾತ್ರ ಒಂದು ಎಚ್ಚರ ಬೇಕು. ಆಗ ಗೊಬ್ಬರ ಯಾರದ್ದು ಅಂತ ಕರಾರಿನಲ್ಲೇ ಸ್ಪಷ್ಟ ಇರಬೇಕು. ಎಷ್ಟೋ ಕರಾರುಗಳಲ್ಲಿ ಈ ವಿಷಯಕ್ಕೆ ಒಂದು ಸಾಲೂ ಇರುವುದಿಲ್ಲ.

ಇನ್ನು "ಕಡಿಮೆ ರೇಟಿಗೇ ಕೊಡಬೇಕು" ಅನ್ನುವ ಮಾತು ಅರ್ಧ ನಿಜ. ಕೊಳ್ಳುವವರು ಬರೆದ ಸ್ಪೆಸಿಫಿಕೇಶನ್‌ಗೆ ಹೊಂದಿದವರಲ್ಲಿ ಕಡಿಮೆ ರೇಟಿನವರು ಎಲ್1. ಸ್ಪೆಸಿಫಿಕೇಶನ್ ಬರೆಯುವುದು ಪುರಸಭೆಯೇ ಅಲ್ವಾ? ಎರಡು ಲಕೋಟೆ ಪದ್ಧತಿಯಲ್ಲಿ ತಾಂತ್ರಿಕ ಲಕೋಟೆಯಲ್ಲಿ ಪಾಸಾದವರ ಹಣದ ಲಕೋಟೆಯನ್ನು ಮಾತ್ರ ತೆರೆಯುತ್ತಾರೆ. ಹಾಗಾಗಿ ಪೇವರ್ ಬ್ಲಾಕ್ ಆಗಲಿ, ಪಾರ್ಕಿನ ಬೆಂಚಾಗಲಿ, ಕಚೇರಿ ಕಾಗದವಾಗಲಿ, ಅದರಲ್ಲಿ ಮರುಬಳಕೆಯ ವಸ್ತು ಇಷ್ಟು ಇರಬೇಕು ಅಂತ ಬರೆಯಲು ಕಾಯ್ದೆ ಅಡ್ಡ ಬರುವುದಿಲ್ಲ. ಒಂದು ಬ್ರ್ಯಾಂಡ್ ಹೆಸರು ಬರೆಯುವುದು, ಒಬ್ಬರೇ ಪಾಸಾಗುವ ಹಾಗೆ ಷರತ್ತು ಹೆಣೆಯುವುದು ಅಪಾಯ. ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೀರಿ. ಇನ್ನು ಕೆಲವರು ಇದೇ ಕಾಯ್ದೆಯ "4(ಜಿ) ವಿನಾಯಿತಿ ತಗೊಂಡು ಟೆಂಡರ್ ಇಲ್ಲದೆ ನೇರ ಕೊಟ್ಟುಬಿಡಿ" ಅಂತ ಸಲಹೆ ಕೊಡುತ್ತಾರೆ. ಅದಕ್ಕೆ ಸರ್ಕಾರವೇ ಅಧಿಸೂಚನೆ ಹೊರಡಿಸಬೇಕು. ನಿಮ್ಮಂಥ ಸಣ್ಣ ವಿಷಯಕ್ಕೆ ಆ ದಾರಿ ಬೇಡ. ತಿಂಗಳುಗಟ್ಟಲೆ ಎಳೆಯುತ್ತದೆ, ಮೇಲಾಗಿ ಒಳ್ಳೆ ಕೆಲಸಕ್ಕೂ ಅನುಮಾನದ ಬಣ್ಣ ಬರುತ್ತದೆ.

ಸರ್ಕಾರ ಹೀಗೆ ನಿಯಮ ಮಾಡಿ ಬೇಡಿಕೆ ಹುಟ್ಟಿಸಿದ್ದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ ಒಂದು ಕಾಲಕ್ಕೆ ಯಾರಿಗೂ ಬೇಡವಾಗಿತ್ತು. 1999ರಲ್ಲಿ ಕೇಂದ್ರ ಸರ್ಕಾರ, ಸ್ಥಾವರದ ಸುತ್ತಮುತ್ತ ಇಟ್ಟಿಗೆ ಮಾಡುವವರು ಬೂದಿ ಬಳಸಲೇಬೇಕು ಎಂದು ಅಧಿಸೂಚನೆ ಹೊರಡಿಸಿತು. ಆಮೇಲೆ ಆ ವ್ಯಾಪ್ತಿ 100 ಕಿ.ಮೀ., 300 ಕಿ.ಮೀ. ಅಂತ ಬೆಳೆಯಿತು, ಸರ್ಕಾರಿ ಕಟ್ಟಡಗಳ ಎಸ್ಟಿಮೇಟ್‌ಗೂ ಬೂದಿ ಇಟ್ಟಿಗೆ ಬಂತು. ಇವತ್ತು ಅದು ಮಾಮೂಲಿ ಇಟ್ಟಿಗೆ. ಯಾರೂ ಅದನ್ನು ಕಸ ಅನ್ನುವುದಿಲ್ಲ.

ಈಗ ಗಾಜು, ಸೂಜಿ, ವಿಷದ ಮಾತಿಗೆ ಬರೋಣ. ರೈತರು ಸುಮ್ನೆ ಹೆದರುತ್ತಿಲ್ಲ. ಬೆರಕೆ ಕಸವನ್ನು ರಾಶಿ ಹಾಕಿ, ಕೊಳೆಸಿ, ಜರಡಿ ಹಿಡಿದರೆ ದೊಡ್ಡ ಗಾಜು ಹೊರಗೆ ಹೋಗುತ್ತದೆ, ಪುಡಿ ಗಾಜು ಗೊಬ್ಬರದಲ್ಲೇ ಉಳಿಯುತ್ತದೆ. ಬ್ಯಾಟರಿ, ಬಣ್ಣದ ಡಬ್ಬ, ಟ್ಯೂಬ್‌ಲೈಟು ಅದೇ ರಾಶಿಯಲ್ಲಿದ್ದರೆ ಸೀಸ, ಕ್ಯಾಡ್ಮಿಯಂ, ಪಾದರಸ ಗೊಬ್ಬರಕ್ಕೆ ಇಳಿಯುತ್ತವೆ. ಮನೆಯಲ್ಲೇ ಬೇರ್ಪಡಿಸಿದ ಹಸಿಕಸದಿಂದ ಮಾಡಿದ ಗೊಬ್ಬರದ ಕತೆ ಬೇರೆ. ಹಾಗಾಗಿ ನಿಮ್ಮ ಗುಡ್ಡೆ ಯಾವ ಜಾತಿಯದ್ದು ಅಂತ ಮೊದಲು ಗೊತ್ತಾಗಬೇಕು. ಬಾಯಿಮಾತಿನಲ್ಲಿ ಅದು ತೀರ್ಮಾನ ಆಗುವುದಿಲ್ಲ.

ಅಳತೆಗೋಲು ಇದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ನಗರ ಕಾಂಪೋಸ್ಟ್‌ಗೇ ಪ್ರತ್ಯೇಕ ಮಾನದಂಡ ಇದೆ. ತೇವಾಂಶ 15ರಿಂದ 25%, ಸಾವಯವ ಇಂಗಾಲ ಕನಿಷ್ಠ 12%, ಸಾರಜನಕ ಕನಿಷ್ಠ 0.8%, ಪಿಎಚ್ 6.5ರಿಂದ 7.5, ಶೇ. 90 ಭಾಗ 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕು. ಕೆಜಿಗೆ ಸೀಸ 100 ಮಿ.ಗ್ರಾಂ., ಕ್ಯಾಡ್ಮಿಯಂ 5 ಮಿ.ಗ್ರಾಂ., ಪಾದರಸ 0.15 ಮಿ.ಗ್ರಾಂ. ಮೀರಬಾರದು. ಮಾದರಿ ತೆಗೆಯುವಾಗ ಗುಡ್ಡೆಯ ಮೇಲಿನಿಂದ ಒಂದು ಬೊಗಸೆ ತೆಗೆದು ಕಳಿಸಬೇಡಿ. ಹತ್ತಾರು ಕಡೆ, ಒಳಗಿಂದಲೂ ತೆಗೆದು ಬೆರೆಸಿ ಕಳಿಸಿ. ಕೋಲಾರದ ಟಮಕದಲ್ಲಿ ಕೃಷಿ ವಿಜ್ಞಾನ ಕೇಂದ್ರ, ತೋಟಗಾರಿಕೆ ಕಾಲೇಜು ಎರಡೂ ಇವೆ. ಅಲ್ಲಿಯವರನ್ನು ಮೊದಲು ಕೇಳಿ. ಭಾರ ಲೋಹಗಳ ಪರೀಕ್ಷೆಗೆ ಬೇರೆ ಲ್ಯಾಬ್ ಬೇಕಾದರೆ ಅವರೇ ದಾರಿ ಹೇಳುತ್ತಾರೆ.

ಲ್ಯಾಬ್‌ಗೆ ಕಳಿಸುವ ಮುಂಚೆ ನೀವೇ ಮಾಡಬಹುದಾದ ಪರೀಕ್ಷೆ ಒಂದಿದೆ. ಸ್ವಲ್ಪ ಒದ್ದೆ ಮಾಡಿದ ಗೊಬ್ಬರವನ್ನು ಜಿಪ್ ಕವರ್‌ನಲ್ಲಿ ಗಾಳಿ ತೆಗೆದು ಮುಚ್ಚಿ, ಒಂದು ವಾರ ನೆರಳಲ್ಲಿ ಇಡಿ. ತೆಗೆದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಮಾಗಿದೆ. ಚರಂಡಿ ವಾಸನೆ, ಹುಳಿ ವಾಸನೆ ಬಂದರೆ ಇನ್ನೂ ಹಸಿಯೇ ಇದೆ, ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಜೊತೆಗೆ ಒಂದು ಟ್ರೇಯಲ್ಲಿ ಗೊಬ್ಬರ, ಮಣ್ಣು ಅರ್ಧರ್ಧ ಬೆರೆಸಿ ಮೂಲಂಗಿ ಬೀಜ ಹಾಕಿ, ಇನ್ನೊಂದರಲ್ಲಿ ಬರೀ ಮಣ್ಣಿಗೆ ಹಾಕಿ ಹೋಲಿಸಿ. ಈ ಎರಡು ಟ್ರೇ ಸಾಮಾನ್ಯ ಸಭೆಯ ಮೇಜಿನ ಮೇಲೆ ಇಟ್ಟರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಗೊಬ್ಬರ ಪಾಸಾಯಿತು ಅಂತಲೇ ಇಟ್ಟುಕೊಳ್ಳಿ. ಆದರೂ ಪಾರ್ಕ್ ಒಂದನ್ನೇ ನಂಬಬೇಡಿ. ಲೆಕ್ಕ ಹಾಕೋಣ. 40 ಸಾವಿರ ಜನ, ತಲೆಗೆ ದಿನಕ್ಕೆ 300 ಗ್ರಾಂ ಕಸ ಅಂದರೆ 12 ಟನ್. ಅದರಲ್ಲಿ ಅರ್ಧ ಹಸಿಕಸ, 6 ಟನ್. ಕೊಳೆತು, ಒಣಗಿ, ಜರಡಿಯಾಗಿ ಉಳಿಯುವುದು ಶೇ. 15-20. ದಿನಕ್ಕೆ ಹೆಚ್ಚುಕಮ್ಮಿ ಒಂದು ಟನ್ ಗೊಬ್ಬರ, ವರ್ಷಕ್ಕೆ ಮುನ್ನೂರು ಟನ್ ಮೇಲೆ. ಸಣ್ಣ ಊರಿನ ಪಾರ್ಕುಗಳು, ರಸ್ತೆ ಬದಿ ಗಿಡಗಳು ಎಲ್ಲ ಸೇರಿದರೂ ಇದರ ಒಂದು ಸಣ್ಣ ಪಾಲು ಮಾತ್ರ ನುಂಗುತ್ತವೆ. ಅದೂ ಮುಂಗಾರಿನ ಗಿಡ ನೆಡುವ ಹೊತ್ತಿಗೆ.

ದೊಡ್ಡ ಗಿರಾಕಿಗಳು ಬೇರೆ ಇಲಾಖೆಯಲ್ಲಿದ್ದಾರೆ. ಅರಣ್ಯ ಇಲಾಖೆಯ ನರ್ಸರಿಗಳು, ತೋಟಗಾರಿಕೆ ಕ್ಷೇತ್ರಗಳು, ಉದ್ಯೋಗ ಖಾತ್ರಿ ಕೆಲಸದಲ್ಲಿ ಗುಂಡಿ ತೆಗೆದು ಗಿಡ ನೆಡುವ ಪಂಚಾಯಿತಿಗಳು. ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಹಸಿವಿರುವುದು ಹಿಪ್ಪುನೇರಳೆ ತೋಟಕ್ಕೆ. ನೀರಾವರಿ ತೋಟಕ್ಕೆ ಹೆಕ್ಟೇರಿಗೆ ವರ್ಷಕ್ಕೆ 20 ಟನ್ ಕೊಟ್ಟಿಗೆ ಗೊಬ್ಬರ ಹಾಕಿ ಅನ್ನುವುದು ರೇಷ್ಮೆ ಕೃಷಿಯಲ್ಲಿ ಮಾಮೂಲಿ ಶಿಫಾರಸು. ದನ ಕಡಿಮೆಯಾದ ಮೇಲೆ ಅಷ್ಟು ಗೊಬ್ಬರ ಹುಟ್ಟುವುದೇ ಕಷ್ಟ. ಆ ಲೆಕ್ಕದಲ್ಲಿ ನಿಮ್ಮ ಇಡೀ ವರ್ಷದ ಗೊಬ್ಬರ 40 ಎಕರೆ ತೋಟಕ್ಕೆ ಸಾಲುತ್ತದೆ, ಅಷ್ಟೇ. ಅಂದರೆ ಬೇಡಿಕೆಗೆ ಬರ ಇಲ್ಲ, ನಂಬಿಕೆಗೆ ಬರ ಇದೆ. ಸರ್ಕಾರಿ ನರ್ಸರಿ, ಸರ್ಕಾರಿ ರೇಷ್ಮೆ ಫಾರಂ ಮೊದಲು ತಗೊಂಡರೆ ರೈತರು ನೋಡಿ ಕಲಿಯುತ್ತಾರೆ. ಸರ್ಕಾರಿ ಖರೀದಿಯ ನಿಜವಾದ ಬೆಲೆ ಇದು. ಅದು ಕೊಳ್ಳುವ ಟನ್ನು ಕಡಿಮೆಯಾದರೂ ಸರ್ಟಿಫಿಕೇಟ್ ದೊಡ್ಡದು.

ಇದೇ ಕಾರಣಕ್ಕೆ ಅಪಾಯವೂ ಇದೆ. ಒಂದು ಲೋಡ್ ಕೆಟ್ಟ ಗೊಬ್ಬರ ಹೋಗಿ ಒಬ್ಬರ ರೇಷ್ಮೆಹುಳು ಸತ್ತರೆ, ಕಾರಣ ಬೇರೆಯೇ ಆಗಿದ್ದರೂ ಆ ತಾಲ್ಲೂಕಿನಲ್ಲಿ ನಿಮ್ಮ ಗೊಬ್ಬರದ ಕತೆ ಮುಗಿಯಿತು. ಪ್ರತಿ ಬ್ಯಾಚಿಗೂ ನಂಬರು, ದಿನಾಂಕ, ಲ್ಯಾಬ್ ವರದಿ ಇಟ್ಟುಕೊಳ್ಳದೆ ಒಂದು ಚೀಲವೂ ಗೇಟು ದಾಟಬಾರದು.

ಕಾಗದದ ಮೇಲೆ ಮಾತ್ರ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಜಪಾನಿನ ಕತೆ ಇದೆ. ಸರ್ಕಾರಿ ಕಚೇರಿಗಳು ಪರಿಸರಕ್ಕೆ ಒಗ್ಗುವ ವಸ್ತುಗಳನ್ನೇ ಕೊಳ್ಳಬೇಕು ಅನ್ನುವ ಕಾನೂನು ಅಲ್ಲಿ 2001ರಿಂದಲೇ ಜಾರಿಯಲ್ಲಿದೆ. ಮರುಬಳಕೆ ಕಾಗದಕ್ಕೆ ಒಳ್ಳೆ ಮಾರುಕಟ್ಟೆಯೂ ಇತ್ತು. 2008ರಲ್ಲಿ ನೋಡಿದರೆ, ಹಳೇ ಕಾಗದ ಶೇ. 40 ಇರಬೇಕಿದ್ದ ಅಂಚೆಯ ಹೊಸ ವರ್ಷದ ಕಾರ್ಡುಗಳಲ್ಲಿ ಅದರ ಅತಿ ಸಣ್ಣ ಪಾಲು ಮಾತ್ರ ಇತ್ತು. ಕಾಗದ ಕಂಪನಿಗಳೇ ಒಪ್ಪಿಕೊಂಡವು. ಅಷ್ಟು ಶಿಸ್ತಿನ ದೇಶದಲ್ಲೇ ಹೀಗಾದ ಮೇಲೆ ನಮ್ಮ ಪೇವರ್ ಬ್ಲಾಕ್ ಫ್ಯಾಕ್ಟರಿಯವರ ಸ್ವಯಂ ದೃಢೀಕರಣ ಪತ್ರಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ನೀವೇ ಯೋಚಿಸಿ.

ಈಗ ನಿಮಗೆ ಸರಿ ಕಾಣದ ಆ ಟೆಂಡರ್. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ನನಗೆ ಕೇಳಿದರೆ ಗೊಬ್ಬರಕ್ಕಿಂತ ಮೊದಲು ಸರಿಯಾಗಬೇಕಾದದ್ದು ಇದು. ಪುರಸಭೆ ಮಾಡುವ ದೊಡ್ಡ ಖರೀದಿಗಳಲ್ಲಿ ಕಸ ಸಂಗ್ರಹದ ಸೇವೆ ಒಂದು, ಪ್ರತಿ ತಿಂಗಳೂ ಹಣ ಹೋಗುತ್ತದೆ. ಟನ್ನಿಗೆ ಇಷ್ಟು ಅಂತ ಕೊಟ್ಟರೆ ನೀವು ಕೊಳ್ಳುತ್ತಿರುವುದು ಸ್ವಚ್ಛತೆಯನ್ನಲ್ಲ, ತೂಕವನ್ನು. ಬೆಳಿಗ್ಗೆ ಟೊಮೆಟೊ ಮಂಡಿ ಕಡೆ ಹೋಗಿ ನೋಡಿ. ಬೆಲೆ ಬಿದ್ದ ದಿನ ಕೊಳೆತ ಹಣ್ಣು ಟ್ರ್ಯಾಕ್ಟರ್‌ಗೆ ತುಂಬುತ್ತಾರೆ, ಹಿಂದಿನ ಬಾಗಿಲಿನಿಂದ ಕೆಂಪು ನೀರು ರಸ್ತೆ ಉದ್ದಕ್ಕೂ ಸುರಿಯುತ್ತಿರುತ್ತದೆ. ಟೊಮೆಟೊದಲ್ಲಿ ಶೇ. 94ರಷ್ಟು ನೀರೇ. ಆ ಟ್ರ್ಯಾಕ್ಟರ್ ವೇಬ್ರಿಜ್ ಹತ್ತಿದರೆ ನೀರಿಗೂ ಬಿಲ್. ಮಳೆಗಾಲದಲ್ಲಿ ನೆನೆದ ಕಸಕ್ಕೆ ಇನ್ನೂ ಜಾಸ್ತಿ. ಚರಂಡಿ ಹೂಳು, ಕಟ್ಟಡದ ಕಲ್ಲುಮಣ್ಣು ಸೇರಿಸಿದರೆ ಕೇಳುವುದೇ ಬೇಡ. ಬೇರ್ಪಡಿಸಿದ ಒಣಕಸ ಹಗುರ, ಅದರಿಂದ ಗುತ್ತಿಗೆದಾರರಿಗೆ ನಷ್ಟ. ಹೀಗಿರುವಾಗ ಬೇರ್ಪಡಿಸಿ ಅಂತ ಅವರಿಗೆ ಎಷ್ಟು ಬುದ್ಧಿ ಹೇಳಿದರೂ ಅವರ ಬಿಲ್ ಉಲ್ಟಾ ಹೇಳುತ್ತಿರುತ್ತದೆ.

ಅಂದಹಾಗೆ ಎಪಿಎಂಸಿ ಕಸದ ಭಾರ ಪುರಸಭೆ ಮೇಲೆ ಇದ್ದರೆ ಅದನ್ನು ಬೇರೆ ಮಾಡಿ. 2016ರ ಘನತ್ಯಾಜ್ಯ ನಿಯಮಗಳೇ ದಿನಕ್ಕೆ 100 ಕೆಜಿಗಿಂತ ಹೆಚ್ಚು ಕಸ ಹುಟ್ಟಿಸುವವರನ್ನು ದೊಡ್ಡ ಉತ್ಪಾದಕರು ಅಂತ ಗುರುತಿಸಿ ಜವಾಬ್ದಾರಿ ಹೊರಿಸಿದವು. ಟೊಮೆಟೊ ಒಂದನ್ನೇ ರಾಶಿ ಹಾಕಿದರೆ ಗೊಬ್ಬರ ಆಗುವುದಿಲ್ಲ, ರಾಡಿ ಆಗುತ್ತದೆ. ತೆಂಗಿನ ನಾರಿನ ಪುಡಿಯೋ ಒಣ ಎಲೆಯೋ ಬೆರೆಸಬೇಕು, ಇಲ್ಲವೇ ಬಯೋಗ್ಯಾಸ್‌ಗೆ ಕಳಿಸಬೇಕು.

ಟನ್ನಿನ ಬದಲು ಏನು? ಹಣವನ್ನು ಒಡೆಯಿರಿ. ಒಂದು ಭಾಗ ಪ್ರತಿದಿನ ಎಷ್ಟು ಮನೆಗೆ ಗಾಡಿ ಹೋಯಿತು, ಬೇರ್ಪಡಿಸಿ ತಂತೇ ಅನ್ನುವುದಕ್ಕೆ. ಇನ್ನೊಂದು ಭಾಗ ಘಟಕದಿಂದ ಹೊರಗೆ ಹೋದ ಮಾಲಿಗೆ: ಪಾಸಾದ ಗೊಬ್ಬರ, ಮರುಬಳಕೆಗೆ ಮಾರಿದ ಒಣಕಸ. ಕೊನೆಗೆ ಹೂಳಲು ಉಳಿದ ಕಸ ಒಂದು ಮಿತಿ ದಾಟಿದರೆ ಕಡಿತ. ತೂಕ ಒಳಗೆ ಬರುವಾಗ ಮಾತ್ರ ಅಲ್ಲ, ಹೊರಗೆ ಹೋಗುವಾಗಲೂ ಆಗಬೇಕು. ಇದರಲ್ಲೂ ಮೋಸಕ್ಕೆ ಜಾಗ ಇದೆ. ಗೊಬ್ಬರದ ತೂಕ ಹೆಚ್ಚಿಸಲು ಮಣ್ಣು ಬೆರೆಸುತ್ತಾರೆ. ಆದರೆ ಮಣ್ಣು ಬೆರೆತರೆ ಸಾವಯವ ಇಂಗಾಲ 12%ಗಿಂತ ಕೆಳಗೆ ಇಳಿಯುತ್ತದೆ, ಲ್ಯಾಬ್ ವರದಿಯಲ್ಲಿ ಹಿಡಿಯಬಹುದು.

ಇದಕ್ಕೆ ಬೆಲೆ ಇಲ್ಲ ಅಂತಲ್ಲ. ಷರತ್ತು ಹೆಚ್ಚಿದಷ್ಟೂ ಟೆಂಡರ್ ಹಾಕುವವರು ಕಡಿಮೆ, ರೇಟು ಮೇಲೆ. ಮೊದಲ ಸಲ ಒಬ್ಬರೇ ಬಂದು ಮರುಟೆಂಡರ್ ಆಗಬಹುದು. ಬಿಲ್ ಆರು ತಿಂಗಳು ತಡ ಮಾಡುವ ಪುರಸಭೆಗೆ ಒಳ್ಳೆ ಗುತ್ತಿಗೆದಾರರು ಬರುವುದೇ ಇಲ್ಲ. ಅದು ಸರಿಯಾಗದೆ ಷರತ್ತು ಮಾತ್ರ ಬಿಗಿ ಮಾಡಿದರೆ ಉಳಿಯುವುದು ಷರತ್ತು ಓದದೆ ಸಹಿ ಹಾಕುವವರು. ಹಾಗೆಯೇ ತೀರಾ ಕಡಿಮೆ ರೇಟು ಬಂದರೆ ಖುಷಿಪಡಬೇಡಿ. ಎಷ್ಟು ಜನ ಬೇಕು, ಕನಿಷ್ಠ ವೇತನ ಎಷ್ಟು, ಡೀಸೆಲ್ ಎಷ್ಟು ಅಂತ ಗುಣಿಸಿ ನೋಡಿ. ಆ ಲೆಕ್ಕಕ್ಕೆ ರೇಟು ಸಾಲದಿದ್ದರೆ ಉಳಿದದ್ದನ್ನು ಕೆಲಸಗಾರರ ಸಂಬಳದಿಂದಲೋ, ಊರ ಹೊರಗೆ ಕಸಕ್ಕೆ ಬೆಂಕಿ ಹಚ್ಚಿಯೋ ತುಂಬಿಸಿಕೊಳ್ಳುತ್ತಾರೆ.

ಉಳಿದ ಖರೀದಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಎರಡು ಬಣ್ಣದ ಬಕೆಟ್ ಹಂಚಿ ಫೋಟೋ ತೆಗೆಸಿಕೊಳ್ಳುವುದು ಸುಲಭ. ಗಾಡಿಯಲ್ಲಿ ಎರಡು ಖಾನೆ ಇದೆಯೇ ಅಂತ ಮೊದಲು ನೋಡಿ, ಇಲ್ಲದಿದ್ದರೆ ಬಕೆಟ್ ದುಡ್ಡು ದಂಡ. ಕಟ್ಟಡದ ಅವಶೇಷ: ಕಾಂಕ್ರೀಟಿನ ಜಲ್ಲಿ, ಮರಳಿಗೆ ಇರುವ ಭಾರತೀಯ ಮಾನಕ ಐಎಸ್ 383ರ 2016ರ ಪರಿಷ್ಕರಣೆ ಹಳೇ ಕಾಂಕ್ರೀಟ್ ಪುಡಿಮಾಡಿದ ಜಲ್ಲಿಯನ್ನು ಸಾದಾ ಕಾಂಕ್ರೀಟ್‌ಗೆ ಶೇ. 25, ಎಂ25 ದರ್ಜೆವರೆಗಿನ ಆರ್‌ಸಿಸಿಗೆ ಶೇ. 20ರವರೆಗೆ ಒಪ್ಪುತ್ತದೆ, ಬೆಡ್ ಹಾಕುವಂಥ ಲೀನ್ ಕಾಂಕ್ರೀಟ್‌ಗೆ ಪೂರ್ತಿ ಬಳಸಬಹುದು. ಆದರೆ ಸುತ್ತಲೂ ಕ್ರಷರ್ ಇರುವ ನಮ್ಮ ಜಿಲ್ಲೆಯಲ್ಲಿ ಹೊಸ ಜಲ್ಲಿಯೇ ಅಗ್ಗ. 40 ಸಾವಿರದ ಊರಿಗೆ ಪ್ರತ್ಯೇಕ ಘಟಕ ಬೇಡ. ಗುಂಡಿ ತುಂಬಲು, ಬೆಡ್‌ಗೆ ಬಳಸಿದರೆ ಸಾಕು.

ಪ್ಲಾಸ್ಟಿಕ್ ರಸ್ತೆ ಬಗ್ಗೆಯೂ ಯಾರಾದರೂ ಹೇಳುತ್ತಾರೆ. ಡಾಂಬರಿನ ತೂಕದ ಶೇ. 6ರಿಂದ 8ರಷ್ಟು ಪ್ಲಾಸ್ಟಿಕ್ ಚೂರು ಬೆರೆಸಲು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2013ರ ಮಾರ್ಗಸೂಚಿ ಇದೆ. ಒಳ್ಳೆಯದೇ. ಆದರೆ ಪಿವಿಸಿ ಬೆರೆಯಬಾರದು, ಬಿಸಿಗೆ ವಿಷಗಾಳಿ ಬರುತ್ತದೆ. ಹೊಲದಲ್ಲಿ ಗಿಡದ ಬುಡಕ್ಕೆ ಹಾಸಿ ಮಣ್ಣು ಮೆತ್ತಿದ ಮಲ್ಚಿಂಗ್ ಶೀಟು ಕೆಲಸಕ್ಕೆ ಬರುವುದಿಲ್ಲ.

ಮಲ್ಚಿಂಗ್ ಶೀಟು ಅಂದಾಗ ನೆನಪಾಯಿತು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಟೊಮೆಟೊ, ಕ್ಯಾಪ್ಸಿಕಂ ಬೆಳೆ ಮುಗಿದ ಮೇಲೆ ಬದುವಿನ ಮೇಲೆ ಸುಡುವ ಕಪ್ಪು-ಬೆಳ್ಳಿ ಪ್ಲಾಸ್ಟಿಕ್ ಇದೆಯಲ್ಲ, ಅದಕ್ಕೆ ಸರ್ಕಾರದ ಸಹಾಯಧನ ಇದೆ. ನನ್ನ ಪ್ರಕಾರ ಸಹಾಯಧನವೂ ಒಂದು ಥರದ ಸರ್ಕಾರಿ ಖರೀದಿಯೇ. ತೆಳು ಶೀಟು ಬಿಸಿಲಿಗೆ ಚಿಂದಿಯಾಗುತ್ತದೆ, ಕಿತ್ತು ತೆಗೆಯಲು ಬರುವುದಿಲ್ಲ, ಚೂರು ಹೊಲದಲ್ಲೇ ಉಳಿಯುತ್ತದೆ. ಸ್ವಲ್ಪ ದಪ್ಪದ್ದಾದರೆ ಬೆಳೆ ಮುಗಿದ ಮೇಲೆ ಸುತ್ತಿ ಎತ್ತಬಹುದು. ಇಷ್ಟು ದಪ್ಪ ಇರಬೇಕು, ಬಳಸಿದ ಶೀಟನ್ನು ಮಾರಿದವರೇ ವಾಪಸ್ ತಗೊಳ್ಳಬೇಕು ಅನ್ನುವ ಎರಡು ಷರತ್ತನ್ನು ಸಹಾಯಧನದ ಪಟ್ಟಿಗೆ ಸೇರಿಸಿದರೆ ಪುರಸಭೆಗಿಂತ ದೊಡ್ಡ ಬದಲಾವಣೆ ಆಗುತ್ತದೆ. ಇದು ನಿಮ್ಮ ಕೈಯಲ್ಲಿಲ್ಲ, ಜಿಲ್ಲೆಯ ತೋಟಗಾರಿಕೆ ಅಧಿಕಾರಿಗಳ ಸಭೆಯಲ್ಲಿ ಎತ್ತಬೇಕಾದ ಮಾತು. ರೈತರಿಗೆ ಶೀಟಿನ ಬೆಲೆ ಏರುತ್ತದೆ, ಆ ವಿರೋಧ ಬಂದೇ ಬರುತ್ತದೆ. ಸಹಾಯಧನ ಅಷ್ಟು ಏರದಿದ್ದರೆ ಈ ಮಾತು ಎತ್ತದಿರುವುದೇ ವಾಸಿ.

ನಿಮ್ಮ ಕೈಯಲ್ಲಿರುವುದು ಸಾಮಾನ್ಯ ಸಭೆ. ಟೆಂಡರ್ ಇನ್ನೂ ಪೋರ್ಟಲ್‌ಗೆ ಏರಿಲ್ಲದಿದ್ದರೆ ಕರಡು ಪ್ರತಿ ಕೇಳಿ, ಹಣ ಪಾವತಿಯ ಷರತ್ತು ಇರುವ ಪುಟ ಮೊದಲು ಓದಿ. ಏರಿದ್ದರೂ ಪ್ರೀ-ಬಿಡ್ ಸಭೆ (ರೇಟು ಹಾಕುವ ಮುಂಚೆ ಗುತ್ತಿಗೆದಾರರ ಜೊತೆ ನಡೆಸುವ ಸಭೆ) ಇದ್ದರೆ ತಿದ್ದುಪಡಿಗೆ ಅವಕಾಶ ಇರುತ್ತದೆ. ಗೊಬ್ಬರಕ್ಕೆ ಸಂಬಂಧಿಸಿ ಒಂದು ನಿರ್ಣಯ ಸಾಕು: ಮುಂದಿನ ಎಲ್ಲ ಪಾರ್ಕ್, ಗಿಡ ನೆಡುವ ಎಸ್ಟಿಮೇಟ್‌ಗಳಲ್ಲಿ ಘಟಕದ ಗೊಬ್ಬರ ಮೊದಲು, ಅದು ಇಲ್ಲ ಅಥವಾ ಪರೀಕ್ಷೆಯಲ್ಲಿ ಫೇಲ್ ಅಂತ ಪರಿಸರ ಎಂಜಿನಿಯರ್ ಬರೆದುಕೊಟ್ಟರೆ ಮಾತ್ರ ಹೊರಗಿನದ್ದು. "ಬರೆದುಕೊಟ್ಟರೆ" ಅನ್ನುವ ಪದ ನಡಾವಳಿಯಲ್ಲಿ ಇರಲೇಬೇಕು, ಬಾಯಲ್ಲಿ "ಇಲ್ಲ" ಅನ್ನುವುದು ತುಂಬಾ ಸುಲಭ. ರೇಷ್ಮೆ, ಅರಣ್ಯ ಇಲಾಖೆಗೆ ಪತ್ರ ಹೋಗುವುದು ಲ್ಯಾಬ್ ವರದಿ ಬಂದ ಮೇಲೆ. ವರದಿ ಲಗತ್ತಿಸದ ಪತ್ರಕ್ಕೆ "ಪರಿಶೀಲಿಸಲಾಗುವುದು" ಅಂತ ಉತ್ತರ ಬರುತ್ತದೆ, ಗಾಡಿ ಬರುವುದಿಲ್ಲ.